ಎರಕದ ಆಟಿಕೆಬಂಡಿಗಳೂ ಅವುಗಳ ಪಾಠಾಂತರಗಳೂ

ಗ್ರಂಥಸಂಪಾದನೆಯಲ್ಲಿ ಪರಿಶ್ರಮವುಳ್ಳವರಿಗೆ ಪಾಠಾಂತರದ ಬೆಲೆ ಎಷ್ಟೆಂಬುದು ತಿಳಿದೇ ಇದೆ. ಹತ್ತು ಓಲೆಪ್ರತಿಗಳು ಒಂದು ಶಬ್ದವನ್ನು ಒಂದೇ ರೀತಿಯಾಗಿ ಕೊಟ್ಟು ಹನ್ನೊಂದನೆಯದು ಅದನ್ನೇ ಬೇರೆಯಾಗಿ ಕೊಟ್ಟರೆ, ಆ ಹನ್ನೊಂದನೆಯದನ್ನು ಲಿಪಿಕಾರನ ಪ್ರಮಾದವೆಂದು ತಳ್ಳಿಬಿಡುವುದಕ್ಕೆ ಮುಂಚೆ ವಿದ್ವಾಂಸನು ಹಲವು ಸಲ ಯೋಚಿಸುವನು. ಮೂಲದ ಸುಳಿವು ಎಷ್ಟೋ ವೇಳೆ ಆ ಒಂಟಿಪ್ರತಿಯಲ್ಲಿಯೇ ಅಡಗಿರುವುದುಂಟು. ನಾಣ್ಯಗಳನ್ನು ಶೋಧಿಸುವವರೂ ಹಾಗೆಯೇ. ಒಂದೇ ಅರಸನ ಒಂದೇ ಬೆಲೆಯ ಎರಡು ನಾಣ್ಯಗಳಲ್ಲಿ ಅಚ್ಚಿನ ಕೂದಲೆಳೆಯಷ್ಟು ಭೇದವನ್ನು ಕಂಡರೂ ಅವರು ಅದನ್ನು ಬರೆದಿಟ್ಟುಕೊಳ್ಳುವರು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡು ಅಮೆರಿಕಾ ಮೊದಲಾದ ದೇಶಗಳಲ್ಲಿ ಇದೇ ಬಗೆಯ ಕಣ್ಣು ಒಂದು ಅನಿರೀಕ್ಷಿತವಾದ ವಸ್ತುವಿನ ಮೇಲೆ ಬಿದ್ದಿತು. ಅದು ಮಕ್ಕಳು ನೆಲದ ಮೇಲೆ ಓಡಿಸಿ, ಬಣ್ಣ ಹೋಗುವವರೆಗೆ ಆಡಿ, ಕೊನೆಗೆ ಮೂಲೆಗೆ ಎಸೆಯುತ್ತಿದ್ದ ಲೋಹದ ಚಿಕ್ಕ ಮೋಟಾರುಬಂಡಿ.

ಇಂತಹ ಬಂಡಿಗಳನ್ನು ಕೂಡಿಹಾಕುವವರಲ್ಲಿ ಎರಡು ಪಂಗಡಗಳುಂಟು. ಪ್ರತಿಯೊಂದು ಮಾದರಿಗೂ ಒಂದೊಂದು ಬಂಡಿ ಸಿಕ್ಕಿದರೆ ತೃಪ್ತರಾಗುವವರದು ಮೊದಲನೆಯ ಪಂಗಡ. ಎರಡನೆಯವರಿಗೆ ಅಷ್ಟರಿಂದ ತೃಪ್ತಿಯಿಲ್ಲ. ಒಂದೇ ಸಂಖ್ಯೆಯ, ಒಂದೇ ಹೆಸರಿನ, ಒಂದೇ ಅಚ್ಚಿನಿಂದ ಇಳಿದ ಬಂಡಿಗಳಲ್ಲಿಯೇ ಗಾಲಿ ಬೇರೆಯಾದುದು, ಬಣ್ಣ ಬೇರೆಯಾದುದು, ತಳದ ಅಕ್ಷರ ಬೇರೆಯಾದುದು ಇವುಗಳನ್ನು ಅವರು ಅರಸುವರು. ಹೊರಗಿನವರು ಇದನ್ನು ಹುಚ್ಚೆಂದು ನಗುವುದು ಸಹಜವೇ. ಆದರೆ ಈ ಎರಡನೆಯ ಪಂಗಡದವರ ಶ್ರಮದಿಂದಲೇ ಒಂದು ಕೈಗಾರಿಕೆಯ ಚರಿತ್ರೆಯು, ಬೇರೆಲ್ಲಿಯೂ ಬರೆದಿರದಂತಹುದು, ಅಂಶಾಂಶವಾಗಿ ಉಳಿದುಬಂದಿತೆಂಬುದನ್ನು ಒಪ್ಪಬೇಕಾಗುವುದು.

ಈ ಆಟಿಕೆಯ ಹುಟ್ಟಿಗೆ ಕಾರಣವಾದುದು ಆಟಿಕೆಯಲ್ಲ, ಅಚ್ಚುಕೂಟ. ೧೮೮೬ರಲ್ಲಿ ಬಳಕೆಗೆ ಬಂದ ಲೈನೋಟೈಪ್ ಯಂತ್ರವು ಕರಗಿದ ಲೋಹವನ್ನು ಅಚ್ಚಿಗೆ ನೂಕಿ ಒಂದೊಂದು ಸಾಲಿನ ಅಕ್ಷರಗಳನ್ನು ಕ್ಷಣಮಾತ್ರದಲ್ಲಿ ಎರಕಹೊಯ್ಯುತ್ತಿದ್ದಿತು. ಷಿಕಾಗೋ ನಗರದಲ್ಲಿ ಅಗಸರ ಕಸಬಿಗೆ ಸಂಬಂಧಪಟ್ಟ ಒಂದು ಪತ್ರಿಕೆಯನ್ನು ಹೊರಡಿಸುತ್ತಿದ್ದ ಡೌಸ್ಟ್ ಸೋದರರು ೧೮೯೩ರಲ್ಲಿ ಆ ನಗರದಲ್ಲಿಯೇ ನೆರೆದ ಮಹಾಪ್ರದರ್ಶನದಲ್ಲಿ ಈ ಯಂತ್ರವನ್ನು ಕಂಡರು. ಅಕ್ಷರವನ್ನು ಎರೆಯಬಲ್ಲ ಯಂತ್ರವು ಬೇರೆ ಸಣ್ಣ ಪದಾರ್ಥಗಳನ್ನು ಏಕೆ ಎರೆಯಲಾರದೆಂಬ ಯೋಚನೆಯು ಅವರಿಗೆ ಹೊಳೆಯಿತು. ಅಂಗಿಯ ಗುಂಡಿ, ಬೆರಳುದ್ದದ ಇಸ್ತ್ರಿಪೆಟ್ಟಿಗೆ ಇವುಗಳಿಂದ ಆರಂಭವಾದ ಅವರ ಕೆಲಸವು ೧೯೧೦ರ ದಶಕದಲ್ಲಿ ಮೋಟಾರುಬಂಡಿಗಳಿಗೆ ತಿರುಗಿತು. ಫೋರ್ಡರ ಟಿ ಮಾದರಿಯ ಪುಟ್ಟ ಪ್ರತಿಕೃತಿಯು ಆ ಕಾಲದ್ದೇ. ಮುಂದೆ ಮನೆಯ ಹುಡುಗಿಯೊಬ್ಬಳ ಮುದ್ದಿನ ಹೆಸರನ್ನು ಸೇರಿಸಿ ತಮ್ಮ ಸರಕಿಗೆ ‘ಟೂಟ್ಸಿಟಾಯ್’ ಎಂದು ನಾಮಕರಣ ಮಾಡಿದರು. ಅಮೆರಿಕಾದಲ್ಲಿ ಈ ಹೆಸರು ಬಹುಕಾಲ ಮಕ್ಕಳ ಬಾಯಲ್ಲಿದ್ದಿತು.

ಆದರೂ ಪಾಠಾಂತರಗಳ ವಿಚಾರಕ್ಕೆ ಮುಖ್ಯವಾದ ಸ್ಥಳವು ಷಿಕಾಗೋ ಅಲ್ಲ, ಇಂಗ್ಲೆಂಡಿನ ಲಿವರ್‌ಪೂಲ್. ಅಲ್ಲಿಯ ಫ್ರಾಂಕ್ ಹಾರ್ನ್‌ಬಿಯು ೧೯೦೧ರಲ್ಲಿ ತೂತುಗಳುಳ್ಳ ಲೋಹದ ಪಟ್ಟಿಗಳನ್ನು ತಿರುಪುಮೊಳೆಗಳಿಂದ ಜೋಡಿಸುವ ಆಟದ ಸಾಮಗ್ರಿಗೆ ಹಕ್ಕುಪತ್ರವನ್ನು ಪಡೆದನು. ಅದೇ ಮುಂದೆ ಮೆಕ್ಯಾನೊ ಎಂದು ಪ್ರಸಿದ್ಧವಾಯಿತು. ೧೯೧೪ರಲ್ಲಿ ಬಿನ್ಸ್ ರಸ್ತೆಯಲ್ಲಿ ದೊಡ್ಡ ಕಾರ್ಖಾನೆಯೂ, ೧೯೨೦ರಲ್ಲಿ ಆಟದ ರೈಲುಗಳೂ ಹುಟ್ಟಿದುವು. ರೈಲುದಾರಿಯ ಪಕ್ಕದಲ್ಲಿ ಜನರು ಬೇಕು, ನಿಲ್ದಾಣ ಬೇಕು, ಬಂಡಿಗಳೂ ಬೇಕು. ಆದುದರಿಂದ ೧೯೩೩ರ ಡಿಸೆಂಬರ್ ತಿಂಗಳಲ್ಲಿ ಆರು ಬಂಡಿಗಳ ಒಂದು ಕಟ್ಟು ಹೊರಬಿದ್ದಿತು. ಇದರ ಸಂಖ್ಯೆ ೨೨. ಎರಡು ಮೋಟಾರು ಕಾರುಗಳು, ಒಂದು ಲಾರಿ, ಅಂಗಡಿಯ ಸಾಮಾನು ಸಾಗಿಸುವ ಒಂದು ಮುಚ್ಚುಬಂಡಿ, ಒಂದು ಟ್ರಾಕ್ಟರು, ಒಂದು ಯುದ್ಧದ ಟ್ಯಾಂಕು ಇವಿಷ್ಟೇ ಅದರ ಸಂಪತ್ತು. ರೈಲಿಗೆ ಪರಿವಾರವಾಗಿ ಬಂದ ಇವು ಕೆಲವು ತಿಂಗಳಲ್ಲಿಯೇ ರೈಲನ್ನು ಬಿಟ್ಟು ಸ್ವತಂತ್ರವಾದುವು. ೧೯೩೪ರ ಏಪ್ರಿಲ್ ತಿಂಗಳಿಂದ ಇವುಗಳಿಗೆ ‘ಡಿಂಕಿ ಟಾಯ್ಸ್’ ಎಂಬ ಹೆಸರು ನಿಂತಿತು.

ಈ ಹೆಸರಿನ ಬದಲಾವಣೆಯೇ ಮೊದಲನೆಯ ಪಾಠಾಂತರವೆನ್ನಬಹುದು. ಎಲ್ಲಕ್ಕಿಂತ ಮೊದಲು ಎರಕಹೊಯ್ದ ಬಂಡಿಗಳ ಒಳಮೈಯಲ್ಲಿ ‘ಹಾರ್ನ್‌ಬಿ ಸೀರೀಸ್’ ಎಂಬ ಅಕ್ಷರಗಳಿದ್ದುವು. ಅಚ್ಚನ್ನು ತಿದ್ದಿದ ಮೇಲೆ ಅದೇ ಜಾಗದಲ್ಲಿ ‘ಡಿಂಕಿ ಟಾಯ್ಸ್’ ಎಂದಾಯಿತು. ಹೊರಗಿನಿಂದ ನೋಡಿದರೆ ಎರಡಕ್ಕೂ ಭೇದವಿಲ್ಲ. ಬಂಡಿಯನ್ನು ಮಗುಚಿ ನೋಡಿದವನಿಗೆ ಮಾತ್ರ ಅದು ಯಾವ ತಿಂಗಳುಗಳ ಕೂಸೆಂಬುದು ತಿಳಿಯುವುದು. ಬಂಡಿಯನ್ನು ಕೈಗೆತ್ತಿಕೊಂಡೊಡನೆ ಮೊದಲು ಮಗುಚುವ ಅಭ್ಯಾಸವು ಸಂಗ್ರಾಹಕರೆಲ್ಲರಿಗೂ ಬಂದುದು ಹೀಗೆ.

ಮೇಲೆ ಹೇಳಿದ ಮುಚ್ಚುಬಂಡಿಯ ಕಥೆಯು ಇನ್ನೂ ಸ್ವಾರಸ್ಯವಾದುದು. ಅದರ ಪಕ್ಕಗಳು ಬೋಳಾಗಿದ್ದುವು. ಬೋಳುಗೋಡೆಯನ್ನು ಕಂಡರೆ ವ್ಯಾಪಾರಿಗೆ ಜಾಹೀರಾತಿನ ನೆನಪಾಗದೆ ಇರದು. ೧೯೩೪ರಲ್ಲಿಯೇ ೨೮ ಎಂಬ ಸಂಖ್ಯೆಯ ಕೆಳಗೆ ಈ ಬಂಡಿಗೆ ನಾನಾ ಕಂಪನಿಗಳ ಅಂಟುಚಿತ್ರಗಳನ್ನು ಅಂಟಿಸಿ ಬೇರೆಬೇರೆ ಬಂಡಿಗಳೆಂದು ಮಾರತೊಡಗಿದರು. ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆ, ಆಕ್ಸೋ ಸಾರು, ಕೊಡಾಕ್ ಕ್ಯಾಮರಾ, ಓವಲ್ಟೀನ್, ಹೋವಿಸ್ ರೊಟ್ಟಿ ಇವೆಲ್ಲವೂ ಎರಡಂಗುಲ ಮೂರಂಗುಲ ಉದ್ದದ ಬಂಡಿಯ ಮೈಮೇಲೆ ಬಂದುವು. ಯುದ್ಧವು ಕೆಲಸವನ್ನು ನಿಲ್ಲಿಸುವುದರೊಳಗೆ ಬಂಡಿಯ ಮೈಯೇ ಮೂರು ಆಕಾರಗಳನ್ನು ತಳೆಯಿತು. ಒಂದೊಂದು ಆಕಾರದಲ್ಲಿ ಕೆಲವು ಜಾಹೀರಾತುಗಳು ಹೋಗಿ ಕೆಲವು ಬಂದುವು. ಆಕಾರವನ್ನೂ ಚಿತ್ರವನ್ನೂ ಕೂಡಿಸಿ ಲೆಕ್ಕಹಾಕಿದರೆ ಒಂದು ಬಡ ಮುಚ್ಚುಬಂಡಿಯು ಎಷ್ಟು ಅವತಾರಗಳನ್ನು ತಾಳಿತೆಂಬುದನ್ನು ವಾಚಕರೇ ಊಹಿಸಬಹುದು.

ಇವುಗಳಲ್ಲಿ ಅಂಗಡಿಗಳಿಗೆ ಬರದೆ ಯಾವನೋ ಒಬ್ಬ ವರ್ತಕನ ಅಪ್ಪಣೆಯ ಮೇರೆಗೆ ಕೆಲವು ಮಾತ್ರ ತಯಾರಾದ ಬಂಡಿಗಳೂ ಉಂಟು. ಲಂಡನ್ನಿನ ಹತ್ತಿರದ ಕಿಂಗ್‌ಸ್ಟನ್ ಊರಿನ ಬೆಂಟಾಲ್ಸ್ ಎಂಬ ದೊಡ್ಡ ಅಂಗಡಿಯು ತನ್ನ ಹೆಸರುಳ್ಳ ಬಂಡಿಗಳನ್ನು ೧೯೩೦ರ ದಶಕದಲ್ಲಿ ಮಾಡಿಸಿಕೊಂಡಿತು. ಅವುಗಳಲ್ಲಿ ಉಳಿದ ಒಂದು ೧೯೯೪ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ ೧೨,೬೫೦ ಪೌಂಡುಗಳಿಗೆ ಹೋಯಿತು. ಕೆಲವು ಪೆನ್ಸುಗಳಿಗೆ ಸಿಗುತ್ತಿದ್ದ ಸರಕಿಗೆ ನಿಜವಾದ ಮೋಟಾರುಬಂಡಿಯ ಬೆಲೆ! ಬೆಲೆಯ ಮಾತು ಪತ್ರಿಕೆಗಳಿಗೆ ಪ್ರಿಯವಾದುದು. ಆದರೆ ಆ ಬಂಡಿಯಲ್ಲಿ ವಿಶೇಷವಾದುದು ಬೆಲೆಯಲ್ಲ. ಊರಿನ ಒಬ್ಬ ವರ್ತಕನು ಲಿವರ್‌ಪೂಲಿನ ಮಹಾಕಾರ್ಖಾನೆಯಿಂದ ತನಗೆಂದು ಕೆಲವೇ ಬಂಡಿಗಳನ್ನು ಮಾಡಿಸಬಹುದಾಗಿದ್ದ ಒಂದು ಕಾಲದ ವ್ಯಾಪಾರಪದ್ಧತಿಗೆ ಅದು ಕಣ್ಣಿಗೆ ಕಾಣುವ ಸಾಕ್ಷಿಯಾಗಿದೆ.

ಪಾಠಾಂತರಗಳು ಹೇಗೆ ಹುಟ್ಟುವುವೆಂಬುದನ್ನು ಅರಿಯಬೇಕಾದರೆ ಕೆಲಸದ ಕ್ರಮವನ್ನು ತುಸು ತಿಳಿಯಬೇಕು. ಉಕ್ಕಿನ ಎರಡು ಹೋಳುಗಳಲ್ಲಿ ಬಂಡಿಯ ರೂಪವನ್ನು ಕೊರೆದು ಅಚ್ಚನ್ನು ಮಾಡುವರು. ಹೋಳುಗಳು ಕೂಡಿದಾಗ ನಡುವೆ ಉಳಿಯುವ ಪೊಳ್ಳಿಗೆ ಕರಗಿದ ಸತುವಿನ ಮಿಶ್ರಲೋಹವನ್ನು ಒತ್ತಡದಿಂದ ನೂಕುವರು. ಕ್ಷಣದಲ್ಲಿ ಅದು ಗಟ್ಟಿಯಾಗುವುದು. ಅಂಚಿನಲ್ಲಿ ಹರಿದ ಲೋಹದ ಪದರವನ್ನು ಕಳೆದು, ಮೈಯನ್ನು ನಯಮಾಡಿ, ಜಿಡ್ಡನ್ನು ತೊಳೆದು, ಬಣ್ಣವನ್ನು ಸಿಂಪಡಿಸಿ, ಒಲೆಯಲ್ಲಿ ಒಣಗಿಸಿ, ಅಂಟುಚಿತ್ರಗಳನ್ನು ಅಂಟಿಸಿ, ಇರುಸಿಗೆ ಗಾಲಿಗಳನ್ನು ಪೋಣಿಸಿ, ಇರುಸಿನ ತುದಿಯನ್ನು ಚಪ್ಪಟೆಮಾಡಿದರೆ ಬಂಡಿಯು ಸಿದ್ಧವಾಯಿತು. ಅಚ್ಚನ್ನು ಕೊರೆಯುವುದು ಬಹಳ ವೆಚ್ಚದ ಕೆಲಸ. ಬಣ್ಣ ಹಚ್ಚುವುದು ಅಗ್ಗದ ಕೆಲಸ. ಆದಕಾರಣ ಮಾಲೀಕರು ಅಚ್ಚನ್ನು ವರ್ಷಗಟ್ಟಲೆ ದುಡಿಸಿ, ಬಣ್ಣವನ್ನು ಬೇಕೆಂದಾಗ ಬದಲಾಯಿಸಿದರು. ಸವೆದ ಅಚ್ಚನ್ನು ದುರಸ್ತಿಮಾಡಿದಾಗ ಬಂಡಿಯ ಮೈಮೇಲೆ ಹೊಸದೊಂದು ಗೆರೆ ಮೂಡುವುದು. ಒಡೆಯುತ್ತಿದ್ದ ಭಾಗಕ್ಕೆ ಬಲಕೊಡಲು ಒಳಗೆ ಒಂದು ಪಟ್ಟಿ ಸೇರುವುದು. ಒಂದು ಬಗೆಯ ಗಾಲಿ ಮುಗಿದರೆ ಪಕ್ಕದ ಬಂಡಿಯ ಗಾಲಿಯು ಇದಕ್ಕೆ ಬರುವುದು. ವಾರಾಂತ್ಯದಲ್ಲಿ ಉಳಿದ ಬಣ್ಣವನ್ನು ಚೆಲ್ಲುವುದೇಕೆಂದು ಮೇಸ್ತ್ರಿಯೊಬ್ಬನು ಯೋಚಿಸಿದರೆ ಸಾಕು, ಮುಂದೆ ಮೂವತ್ತು ವರ್ಷಗಳ ಮೇಲೆ ಹರಾಜಿನ ಕೋಣೆಯಲ್ಲಿ ಗುಸುಗುಸು ಏಳುವುದಕ್ಕೆ ಅದು ಬೀಜವಾಗುವುದು.

ಎಲ್ಲ ಭೇದಗಳೂ ಆಕಸ್ಮಿಕವಲ್ಲ. ೧೯೪೭ರಿಂದ ಬಂದ ಡಿಂಕಿಯ ದೊಡ್ಡ ಲಾರಿಗಳಲ್ಲಿ ಫೋಡನ್ ಎಂಬುದೊಂದು. ಅದರ ತೆರೆದ ಹಾಸಿಗೆಯ ಸುತ್ತ ಗೂಟಗಳನ್ನು ನಿಲ್ಲಿಸಿ ಸರಪಳಿಯನ್ನು ಕಟ್ಟಿದ ಮಾದರಿಯು ೧೯೫೨ರಲ್ಲಿ ಬಂದಿತು. ಅದೇ ವರ್ಷದಲ್ಲಿ ನಿಜವಾದ ಫೋಡನ್ ಲಾರಿಯ ಹೊಸ ಮುಖವನ್ನು ಅನುಸರಿಸಿ ಆಟಿಕೆಯ ಮುಖವನ್ನೂ ಬದಲಾಯಿಸಿದರು. ಆದಕಾರಣ ಹಳೆಯ ಮುಖವೂ ಸರಪಳಿಯೂ ಒಟ್ಟಿಗೆ ಇರುವ ಲಾರಿಯು ಕೆಲವೇ ತಿಂಗಳು ತಯಾರಾಯಿತು. ಹಳೆಯ ಮುಖದ ಲಾರಿ ಬೇಕಾದಷ್ಟಿವೆ, ಸರಪಳಿಯ ಲಾರಿಯೂ ಬೇಕಾದಷ್ಟಿವೆ. ಎರಡೂ ಕೂಡಿದುದು ಮಾತ್ರ ದುರ್ಲಭ. ಹೈನ್ಸ್ ಕಂಪನಿಯ ಹೆಸರು ಹೊತ್ತ ಬೆಡ್‌ಫರ್ಡ್ ಬಂಡಿಯದೂ ಇಂತಹುದೇ ವೃತ್ತಾಂತ. ೧೯೫೫ರಿಂದ ಅದರ ಪಕ್ಕದಲ್ಲಿ ಹುರುಳಿಕಾಯಿಬೀಜದ ಡಬ್ಬಿಯ ಚಿತ್ರವಿದ್ದಿತು. ೧೯೫೮ರಲ್ಲಿ ಕಂಪನಿಯು ಡಬ್ಬಿಯನ್ನು ತೆಗೆಸಿ ಟೊಮ್ಯಾಟೊ ಸಾಸಿನ ಸೀಸೆಯನ್ನು ಹಾಕಿಸಿತು. ಬಂಡಿಯೇ ಅದಾದ ಸ್ವಲ್ಪಕಾಲದಲ್ಲಿ ನಿಂತುಹೋಯಿತು. ಇಂದು ಡಬ್ಬಿಯನ್ನು ಹೊತ್ತುದಕ್ಕಿಂತ ಸೀಸೆಯನ್ನು ಹೊತ್ತುದಕ್ಕೆ ಎಷ್ಟೋ ಪಾಲು ಮನ್ನಣೆ ಹೆಚ್ಚು.

ಪಾಠಾಂತರಗಳಲ್ಲೆಲ್ಲ ದೇಶದ ಚರಿತ್ರೆಯೊಂದಿಗೆ ನೇರವಾಗಿ ಬೆಸೆದುಕೊಂಡುದು ಲೆಸ್ನಿ ಎಂಬ ಮತ್ತೊಂದು ಕಾರ್ಖಾನೆಯಲ್ಲಿ ಹುಟ್ಟಿತು. ಲೆಸ್ಲಿ ಸ್ಮಿತ್, ರಾಡ್ನಿ ಸ್ಮಿತ್ ಎಂಬ ಇಬ್ಬರು ಗೆಳೆಯರು (ಹೆಸರು ಒಂದಾದರೂ ಬಂಧುಗಳಲ್ಲ) ಯುದ್ಧದಲ್ಲಿ ನೌಕಾಪಡೆಯಿಂದ ಹಿಂದಿರುಗಿ, ೧೯೪೭ರ ಜನವರಿಯಲ್ಲಿ ತಮ್ಮಲ್ಲಿದ್ದ ಆರುನೂರು ಪೌಂಡುಗಳನ್ನು ಕೂಡಿಹಾಕಿ ಎರಕದ ಕೆಲಸವನ್ನು ಆರಂಭಿಸಿದರು. ಇಬ್ಬರ ಹೆಸರುಗಳ ತುಣುಕುಗಳನ್ನು ಜೋಡಿಸಿದರೆ ಲೆಸ್ನಿ. ಉತ್ತರ ಲಂಡನ್ನಿನಲ್ಲಿ ಪಾಳುಬಿದ್ದಿದ್ದ ‘ರೈಫಲ್‌ಮನ್’ ಎಂಬ ಹೆಂಡದ ಮನೆಯೇ ಅವರ ಕಾರ್ಖಾನೆ. ಜಾಕ್ ಓಡೆಲ್ ಎಂಬ ನಿಪುಣನಾದ ಅಚ್ಚುಗಾರನು ಬಂದು ಸೇರಿದ ಮೇಲೆ ಕೆಲಸಕ್ಕೆ ಕಳೆಯೇರಿತು. ಅವರ ಮುಖ್ಯವಾದ ದುಡಿಮೆಯು ಇತರ ಕೈಗಾರಿಕೆಗಳಿಗೆ ಬೇಕಾದ ಬಿಡಿಭಾಗಗಳನ್ನು ಎರೆಯುವುದಾಗಿದ್ದಿತು. ಆದರೆ ಜನವರಿ ಮೊದಲನೆಯ ತಾರೀಖಿನಲ್ಲಿ ಉಗ್ರಾಣದಲ್ಲಿದ್ದ ಸರಕಿನ ಮೇಲೆ ತೆರಿಗೆ ಬೀಳುತ್ತಿದ್ದುದರಿಂದ, ವರ್ಷದ ಕೊನೆಯಲ್ಲಿ ಯಾರೂ ಬಿಡಿಭಾಗಗಳನ್ನು ಕೊಳ್ಳುತ್ತಿರಲಿಲ್ಲ. ಆ ಬಿಡುವಿನಲ್ಲಿ ಯಂತ್ರವು ಸುಮ್ಮನಿರಬಾರದೆಂದು ೧೯೪೮ರಲ್ಲಿ ರಸ್ತೆಯನ್ನು ಹದಮಾಡುವ ಉರುಳೆಬಂಡಿಯೊಂದನ್ನು ಆಟಿಕೆಯಾಗಿ ಎರೆದರು.

ಕೆಲವು ವರ್ಷಗಳಲ್ಲಿ ಅವರು ಆಂಗ್ಲ ಅರಸರ ಪಟ್ಟಾಭಿಷೇಕದ ಸಾರೋಟನ್ನು ಎಂಟು ಕುದುರೆಗಳ ಸಮೇತ ಮಾಡಲು ಅಚ್ಚನ್ನು ಕೊರೆದರು. ಕೊರಿಯಾ ಯುದ್ಧದ ನಿಮಿತ್ತ ಆಟಿಕೆಗಳಿಗೆ ಸತುವನ್ನು ಬಳಸಕೂಡದೆಂಬ ನಿರ್ಬಂಧವು ಬಂದುದರಿಂದ ಕೆಲಸವು ನಿಂತಿತು. ನಿರ್ಬಂಧವು ಸಡಿಲವಾದ ೧೯೫೨ರಲ್ಲಿಯೇ, ಫೆಬ್ರವರಿ ೬ರಂದು, ಆರನೆಯ ಜಾರ್ಜ್ ದೊರೆಯು ತೀರಿಕೊಂಡನು. ಅಚ್ಚಿನಲ್ಲಾದರೋ ಸಾರೋಟಿನ ಒಳಗೆ ರಾಜನೂ ರಾಣಿಯೂ ಪಕ್ಕಪಕ್ಕದಲ್ಲಿ ಕುಳಿತಿದ್ದರು. ಪಟ್ಟಕ್ಕೆ ಬರುವವಳು ಎರಡನೆಯ ಎಲಿಜಬೆತ್. ಆಕೆಯ ಪಕ್ಕದಲ್ಲಿ ಗತಿಸಿದ ತಂದೆಯನ್ನು ಕೂಡಿಸುವಂತಿರಲಿಲ್ಲ. ಹೊಸ ಅಚ್ಚನ್ನು ಕೊರೆಯುವಷ್ಟು ಹಣವಿರಲಿಲ್ಲ. ಕೊನೆಗೆ ಅಚ್ಚಿನಲ್ಲಿದ್ದ ರಾಜನ ಆಕೃತಿಯನ್ನು ನಡುವಿನಿಂದ ಮೇಲಕ್ಕೆ ತೆಗೆದುಹಾಕಿ, ರಾಣಿಯೊಬ್ಬಳನ್ನೇ ಉಳಿಸಿದರು. ಕಾಲುಗಳನ್ನು ತೆಗೆಯುವುದು ಆಗಲಿಲ್ಲವಾಗಿ ಅವು ಹಾಗೆಯೇ ಉಳಿದುವು. ಸಾರೋಟಿನ ಕಿಟಕಿಯಲ್ಲಿ ಇಣಿಕಿ ನೋಡಿದರೆ ರಾಣಿಯ ಪಕ್ಕದಲ್ಲಿ ಒಡೆಯನಿಲ್ಲದ ಎರಡು ಕಾಲುಗಳು ಇಂದಿಗೂ ಕಾಣುವುವು. ಈ ತಿದ್ದುಪಾಟಿಗೆ ಮುಂಚೆ ರಾಜನ ಸಮೇತ ತಯಾರಾದುವು ಸುಮಾರು ಇನ್ನೂರು ಮಾತ್ರ. ತಾಮ್ರಪಟದಲ್ಲಿ ಒಂದು ಹೆಸರನ್ನು ಕೆತ್ತಿ ತೆಗೆದು ಮತ್ತೊಂದನ್ನು ಬರೆದ ಕಡೆ ಹಳೆಯ ಅಕ್ಷರದ ಬೇರು ಉಳಿದಿರುವಂತೆಯೇ ಇದೂ ಇದೆ.

ಅದೇ ಸಾರೋಟಿನ ಚಿಕ್ಕ ಆವೃತ್ತಿಯು ೧೯೫೩ರ ಪಟ್ಟಾಭಿಷೇಕದ ಸಂಭ್ರಮದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚಾಗಿ ಮಾರಾಟವಾಯಿತು. ಸುಮಾರು ಅದೇ ಕಾಲಕ್ಕೆ, ಬೆಂಕಿಪೆಟ್ಟಿಗೆಯೊಳಗೆ ಹಿಡಿಯುವಂತಹ ಆಟಿಕೆಯನ್ನು ಮಾತ್ರ ಶಾಲೆಗೆ ತರಬಹುದೆಂಬ ನಿಯಮಕ್ಕೆ ಒಳಪಟ್ಟಿದ್ದ ತನ್ನ ಮಗಳಿಗೆ ಓಡೆಲ್ಲನು ಹಿತ್ತಾಳೆಯ ಪುಟ್ಟ ಉರುಳೆಬಂಡಿಯೊಂದನ್ನು ಮಾಡಿಕೊಟ್ಟನು. ಜೇಡವನ್ನು ಪೆಟ್ಟಿಗೆಯಲ್ಲಿಟ್ಟು ಶಾಲೆಗೆ ಒಯ್ಯುತ್ತಿದ್ದ ಆ ಹುಡುಗಿಯ ಕೈಯಿಂದ ಜೇಡವನ್ನು ಬಿಡಿಸುವುದೇ ಅದರ ಉದ್ದೇಶವಾಗಿದ್ದಿತಂತೆ. ಜೊತೆಯ ಮಕ್ಕಳೆಲ್ಲರೂ ತಮಗೂ ಬೇಕೆಂದರು. ಹೀಗೆ ‘ಮ್ಯಾಚ್‌ಬಾಕ್ಸ್’ ಎಂಬ ಶ್ರೇಣಿಯು ೧೯೫೩ರಲ್ಲಿ ಹುಟ್ಟಿತು. ಒಂದರಿಂದ ಎಪ್ಪತ್ತೈದರವರೆಗೆ ಸಂಖ್ಯೆಗಳನ್ನು ಕೊಟ್ಟು, ಹಳೆಯದು ಹೋದಂತೆ ಅದೇ ಸಂಖ್ಯೆಗೆ ಹೊಸದನ್ನು ಇಡುತ್ತ ಬಂದರು. ೧೯೬೦ರ ದಶಕದಲ್ಲಿ ಹ್ಯಾಕ್ನಿಯ ಕಾರ್ಖಾನೆಯಿಂದ ವರ್ಷಕ್ಕೆ ಹತ್ತು ಕೋಟಿಯಷ್ಟು ಬಂಡಿಗಳು ಹೊರಡುತ್ತಿದ್ದುವು. ಅವುಗಳನ್ನು ಜೋಡಿಸುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು. ಅವರನ್ನು ಮನೆಗಳ ಹತ್ತಿರದಿಂದ ಕರೆತರಲು ಕಂಪನಿಯು ಹಳೆಯ ಬಸ್ಸುಗಳನ್ನೇ ಇಟ್ಟುಕೊಂಡಿದ್ದಿತು.

ಇಷ್ಟು ಅಗಾಧವಾದ ಪ್ರಮಾಣದಲ್ಲಿ ಮಾಡಿದ ಸರಕಿನಲ್ಲಿ ದುರ್ಲಭತೆಯೆಲ್ಲಿಂದ ಬಂದೀತೆಂದು ಕೇಳಬಹುದು. ಪ್ರಮಾಣವು ಅಗಾಧವಾದುದರಿಂದಲೇ ಬಂದಿತು. ಮೊದಮೊದಲು ಲೋಹದ ಗಾಲಿಗಳಿದ್ದುವು. ೧೯೫೦ರ ದಶಕದ ಕೊನೆಯ ವರ್ಷಗಳಲ್ಲಿ ಬೂದುಬಣ್ಣದ ಪ್ಲಾಸ್ಟಿಕ್ ಗಾಲಿಗಳು ಬಂದುವು. ಆಮೇಲೆ ಕರಿಯ ಗಾಲಿಗಳು. ಒಂದರಿಂದ ಮತ್ತೊಂದಕ್ಕೆ ದಾಟುವ ವಾರಗಳಲ್ಲಿ, ಹೋಗಬೇಕಾದ ಬಣ್ಣದ ಮೈಗೆ ಬರಬೇಕಾದ ಗಾಲಿಯು ಸೇರಿ, ಎರಡು ಯುಗಗಳ ಸಂಧಿಯಲ್ಲಿ ನಿಂತ ಬಂಡಿಗಳು ಹುಟ್ಟಿದುವು. ಇರುಸಿನ ತುದಿಯನ್ನು ಮೊದಲು ಹಿಸುಕಿ ಚಪ್ಪಟೆಮಾಡುತ್ತಿದ್ದರು. ಮುಂದೆ ಅದನ್ನು ಗುಂಡಗೆ ಮೊಳೆಯ ತಲೆಯಂತೆ ಮಾಡಿದರು. ಇದೂ ಒಂದು ಕಾಲನಿರ್ಣಯದ ಗುರುತು. ಶಾಸನದಲ್ಲಿ ಲಿಪಿಯ ವಟುಸುಳಿಗಳು ಯಾವ ಕೆಲಸವನ್ನು ಮಾಡುವುವೋ ಇಲ್ಲಿ ಇರುಸಿನ ತುದಿಯು ಆ ಕೆಲಸವನ್ನು ಮಾಡುವುದು.

ಬಣ್ಣದ ಭೇದಗಳಿಗೆ ಎರಡು ನಿದರ್ಶನಗಳು ಸಾಕು. ಹದಿಮೂರನೆಯ ಸಂಖ್ಯೆಯಲ್ಲಿ ೧೯೬೫ರಲ್ಲಿ ಬಂದ ಡಾಜ್ ಬಂಡಿಯು ಕೆಟ್ಟುನಿಂತ ಮೋಟಾರುಗಳನ್ನು ಎಳೆದೊಯ್ಯುವುದು. ಅದರ ಮುಂಭಾಗವು ಹಳದಿ, ಹಿಂಭಾಗವು ಹಸುರು. ಹೇಗೋ ಕೆಲವು ಬಂಡಿಗಳಲ್ಲಿ ಇದು ತಿರುಗುಮುರುಗಾಗಿ, ಮುಂಭಾಗವು ಹಸುರೂ ಹಿಂಭಾಗವು ಹಳದಿಯೂ ಆಯಿತು. ಅರವತ್ತೆರಡನೆಯ ಸಂಖ್ಯೆಯ ಮರ್ಕ್ಯುರಿ ಕೂಗರ್ ಕಾರು ೧೯೬೮ರಲ್ಲಿ ಎಳೆಹಸುರು ಬಣ್ಣದಿಂದ ಅಂಗಡಿಗಳಿಗೆ ಬಂದಿತು. ಆದರೆ ಕೆನೆಬಣ್ಣದವು ಕೆಲವುಂಟು. ಮಗುವಿನ ಕೈಗೆ ಇವೆರಡರಲ್ಲಿ ಯಾವುದು ಬಿದ್ದರೂ ಒಂದೇ ಆಟ. ಆದರೂ ಲಕ್ಷಗಟ್ಟಲೆ ಹಸುರಿನ ನಡುವೆ ಒಂದು ಕೆನೆಬಣ್ಣವನ್ನು ಯಾವುದೋ ಹಳೆಯ ಸಾಮಾನಿನ ಬುಟ್ಟಿಯಲ್ಲಿ ಕಂಡವನ ಎದೆಬಡಿತವು ಹೆಚ್ಚಿದುದಕ್ಕೆ ಅವನನ್ನು ದೂರುವಂತಿಲ್ಲ.

ಮೆಟ್ಟಾಯ್ ಕಂಪನಿಯ ಕಾರ್ಗಿ ಬಂಡಿಗಳು ವೇಲ್ಸ್ ಪ್ರಾಂತದ ಸ್ವಾನ್ಸಿಯಲ್ಲಿ ೧೯೫೬ರಿಂದ ತಯಾರಾದುವು. ಕಿಟಕಿಗಳಿಗೆ ಗಾಜಿನಂತಹ ಪ್ಲಾಸ್ಟಿಕ್ಕನ್ನು ಕೂಡಿಸಿದುದು ಅವುಗಳ ಹೆಚ್ಚಳ. ೧೯೬೫ರಲ್ಲಿ ಬಂದ ಜೇಮ್ಸ್ ಬಾಂಡನ ಆಸ್ಟನ್ ಮಾರ್ಟಿನ್ ಕಾರು ಚಲಚ್ಚಿತ್ರದಲ್ಲಿ ಬೆಳ್ಳಿಯ ಬಣ್ಣದ್ದಾಗಿದ್ದರೂ ಆಟಿಕೆಯಲ್ಲಿ ಹೊಂಬಣ್ಣದ್ದಾಯಿತು. ಬೆಳ್ಳಿಯ ಬಣ್ಣವನ್ನು ಹಚ್ಚಿದರೆ ಬಣ್ಣವನ್ನೇ ಹಚ್ಚದ ಬರಿಯ ಲೋಹದಂತೆ ಕಾಣುವುದೆಂಬುದೇ ಕಾರಣ. ಅಮೆರಿಕಾದ ಮ್ಯಾಟೆಲ್ ಕಂಪನಿಯು ೧೯೬೮ರಲ್ಲಿ ‘ಹಾಟ್ ವೀಲ್ಸ್’ ಎಂಬ ವೇಗದ ಬಂಡಿಗಳನ್ನು ತಂದು ಹಳಬರೆಲ್ಲರನ್ನೂ ಬೆಚ್ಚಿಸಿತು. ಮರುವರ್ಷವೇ ಮ್ಯಾಚ್‌ಬಾಕ್ಸಿನವರೂ ತೆಳುಗಾಲಿಗಳಿಗೆ ಮೊರೆಹೊಗಬೇಕಾಯಿತು. ಹಾಟ್ ವೀಲ್ಸಿನ ವೋಕ್ಸ್‌ವಾಗನ್ ‘ಬೀಚ್ ಬಾಂಬ್’ ಎಂಬುದರಲ್ಲಿ ಅಲೆಯಾಟದ ಹಲಗೆಗಳನ್ನು ಮೊದಲು ಹಿಂಬದಿಯ ಕಿಟಕಿಯಿಂದ ತೂರಿಸಿದ್ದರು. ಆ ಬಂಡಿಯು ಇಕ್ಕಟ್ಟಾಗಿಯೂ ತಲೆಭಾರವಾಗಿಯೂ ಇದ್ದುದರಿಂದ, ಓಡಿಸುವ ಯಂತ್ರದಲ್ಲಿ ಸರಿಯಾಗಿ ಓಡಲಿಲ್ಲ. ಆಗ ಮೈಯನ್ನು ಅಗಲಮಾಡಿ ಹಲಗೆಗಳನ್ನು ಪಕ್ಕಗಳಿಗೆ ಸಾಗಿಸಿದರು. ತ್ಯಜಿಸಲ್ಪಟ್ಟ ಮೊದಲ ಕರಡಿನಲ್ಲಿ ಉಳಿದುವು ಬೆರಳೆಣಿಕೆಯವು. ಆ ಶ್ರೇಣಿಯಲ್ಲಿ ಅವಕ್ಕಿಂತ ಹೆಚ್ಚಿನ ಬೆಲೆ ಬಾಳುವುದು ಮತ್ತೊಂದಿಲ್ಲವೆಂದು ಪ್ರಸಿದ್ಧಿ.

ಈ ವಸ್ತುಗಳಿಗೆ ಕಳ್ಳರ ಭಯಕ್ಕಿಂತ ದೊಡ್ಡದಾದ ಒಂದು ಭಯವಿದೆ. ಅದು ಹೊರಗಿನಿಂದ ಬರುವುದಲ್ಲ; ಹುಟ್ಟುವಾಗಲೇ ಮೈಯೊಳಗೆ ಸೇರಿರುವುದು. ಮೊತ್ತಮೊದಲ ಡಿಂಕಿಗಳಿಗೆ ಸೀಸದ ಮಿಶ್ರಲೋಹವನ್ನು ಬಳಸಿದ್ದರು. ಬೇಗನೆ ಅದನ್ನು ಬಿಟ್ಟು ಸತುವಿಗೆ ಸುಮಾರು ನೂರಕ್ಕೆ ನಾಲ್ಕರಂತೆ ಅಲ್ಯುಮಿನಿಯಮನ್ನೂ ಅಲ್ಪವಾಗಿ ತಾಮ್ರ ಮೆಗ್ನೀಸಿಯಂಗಳನ್ನೂ ಸೇರಿಸಿದ ಮಿಶ್ರಲೋಹಕ್ಕೆ ಬಂದರು. ಅಮೆರಿಕಾದ ನ್ಯೂಜೆರ್ಸಿ ಸತುವಿನ ಕಂಪನಿಯು ೧೯೨೯ರಲ್ಲಿ ರೂಪಿಸಿದ ಈ ಲೋಹಕ್ಕೆ ಅಲ್ಲಿ ಜಮಾಕ್ ಎಂದೂ ಇಂಗ್ಲೆಂಡಿನಲ್ಲಿ ಮಜಾಕ್ ಎಂದೂ ಹೆಸರು. ಹಗುರ, ಗಟ್ಟಿ, ಸೂಕ್ಷ್ಮವಾದ ಗೆರೆಯನ್ನೂ ಹಿಡಿಯಬಲ್ಲದು, ಎಲ್ಲವೂ ಸರಿಯೇ. ಆದರೆ ಇದಕ್ಕೆ ಬಳಸುವ ಸತುವು ನೂರಕ್ಕೆ ೯೯.೯೯ರಷ್ಟು ಶುದ್ಧವಾಗಿರಬೇಕು. ಸೀಸ, ತವರ, ಕ್ಯಾಡ್ಮಿಯಂ ಇವುಗಳ ಸೋಂಕು ಅತ್ಯಲ್ಪವಾಗಿ ತಗುಲಿದರೂ ಅದು ಲೋಹದ ಕಣಗಳ ಸಂದುಗಳಲ್ಲಿ ಹೋಗಿ ಕೂರುವುದು. ಗಾಳಿಯ ತೇವವು ತಾಗುತ್ತ ಬಂದಂತೆ ಆ ಸಂದುಗಳು ಒಳಗೊಳಗೇ ಕೊರೆದುಹೋಗಿ, ಲೋಹವು ಉಬ್ಬಿ, ಸೀಳಿ, ಕೊನೆಗೆ ಒಣಗಿದ ರೊಟ್ಟಿಯಂತೆ ಪುಡಿಯಾಗುವುದು. ಇದನ್ನು ಸತುವಿನ ಹುಳುಕೆನ್ನಬಹುದು.

ಒಂದೇ ಕಾರ್ಖಾನೆಯಲ್ಲಿ ಸೀಸದ ಕೆಲಸವೂ ಸತುವಿನ ಕೆಲಸವೂ ನಡೆಯುತ್ತಿದ್ದಾಗ ಒಂದರ ಚೂರು ಮತ್ತೊಂದರ ಮೂಸೆಗೆ ಬೀಳದಂತೆ ಕಾಯುವುದು ಎಷ್ಟು ಕಷ್ಟವೆಂಬುದನ್ನು ಹೇಳಬೇಕಾಗಿಲ್ಲ. ಅದರ ಫಲವಾಗಿ, ಯುದ್ಧಕ್ಕೆ ಮುಂಚಿನ ಎಷ್ಟೋ ಡಿಂಕಿಗಳು, ಒಮ್ಮೆಯೂ ಮಗುವಿನ ಕೈಗೆ ಹೋಗದೆ ಪೆಟ್ಟಿಗೆಯಲ್ಲಿಯೇ ಭದ್ರವಾಗಿದ್ದುವು ಕೂಡ, ತಾವಾಗಿಯೇ ಬಿರಿದುಹೋಗಿವೆ. ಗಾಲಿಯ ಗುಂಬಗಳು ಮೊದಲು ಉದುರುವುವು. ವಿಮಾನಗಳ ನೀಳವಾದ ರೆಕ್ಕೆಗಳು ಬಾಗಿ ಮುರಿಯುವುವು. ಇದಕ್ಕೆ ಚಿಕಿತ್ಸೆಯಿಲ್ಲ. ತಂಪಾದ, ಒಣಗಿದ, ಏರಿಳಿತವಿಲ್ಲದ ಹವೆಯಲ್ಲಿಟ್ಟರೆ ಕ್ಷಯವು ನಿಧಾನವಾಗುವುದಷ್ಟೆ. ಓಲೆಗರಿಯ ಹುಳುವಿಗಾದರೂ ನಿಂಬೆಹುಲ್ಲಿನ ಎಣ್ಣೆಯುಂಟು. ಸತುವಿನ ಹುಳುವಿಗೆ ಎಣ್ಣೆಯಿಲ್ಲ. ಕೀಳೆಂದು ಬಿಟ್ಟ ಸೀಸದ ಬಂಡಿಗಳು ಇಂದಿಗೂ ಗಟ್ಟಿಯಾಗಿರುವಾಗ, ಮೇಲೆಂದು ಹಿಡಿದ ಲೋಹದವು ಅವುಗಳ ಕಣ್ಣಮುಂದೆಯೇ ಪುಡಿಯಾಗುತ್ತಿವೆ. ಆದುದರಿಂದ ಯುದ್ಧಪೂರ್ವದ ಬಂಡಿಯೊಂದು ದುರ್ಲಭವೆಂದರೆ ಅದು ಕಡಿಮೆ ತಯಾರಾಯಿತೆಂದೇ ಅರ್ಥವಲ್ಲ. ಸಾವಿರಗಟ್ಟಲೆ ತಯಾರಾಗಿ ಒಂದು ಕೆಟ್ಟ ಮೂಸೆಯ ಪಾಪದಿಂದ ಸತ್ತುಹೋದುವೂ ಇರಬಹುದು. ಸಂಗ್ರಾಹಕರು ಈ ಎರಡು ಬಗೆಯ ದುರ್ಲಭತೆಗಳನ್ನು ಎಷ್ಟೋ ವೇಳೆ ಬೆರೆಸಿಬಿಡುತ್ತಾರೆ, ಚರಿತ್ರಕಾರನು ಬೆರೆಸಕೂಡದು.

ಬೆಲೆ ಏರಿದ ಕಡೆ ಕಪಟವೂ ಬೆಳೆಯುವುದು. ಭೂಮಿಯ ಆಸೆಗೆ ಕೂಟಶಾಸನಗಳನ್ನು ಬರೆದವರಿದ್ದಂತೆ, ಸಾಧಾರಣವಾದ ಬಂಡಿಯ ಬಣ್ಣವನ್ನು ಕಿತ್ತು ದುರ್ಲಭವಾದ ಬಣ್ಣವನ್ನು ಹಚ್ಚಿದವರೂ, ಹಳೆಯ ಅಂಟುಚಿತ್ರಗಳನ್ನು ಹೊಸದಾಗಿ ಅಚ್ಚುಹಾಕಿ ಅಂಟಿಸಿದವರೂ ಬಂದರು. ಪರೀಕ್ಷೆಯೂ ಅದಕ್ಕೆ ತಕ್ಕಂತೆ ಬೆಳೆಯಿತು. ಇರುಸನ್ನು ಒಮ್ಮೆ ಬಿಚ್ಚಿದರೆ ತುದಿಯನ್ನು ಮತ್ತೆ ಕಾರ್ಖಾನೆಯಂತೆಯೇ ಕೂಡಿಸುವುದು ಸುಲಭವಲ್ಲವಾದುದರಿಂದ ಮೊದಲು ನೋಡುವುದು ಅಲ್ಲಿಯೇ. ಯುದ್ಧಪೂರ್ವದ ಡಿಂಕಿಯ ಗುಂಬವು ನುಣುಪಾಗಿಯೂ ಇರುಸು ತೆಳುವಾಗಿಯೂ ಇರಬೇಕು. ಅಂಚುಗಟ್ಟಿದ ಗುಂಬವಿದ್ದರೆ ಗಾಲಿಯು ಯುದ್ಧದ ಆಚೆಗಿನದು. ನೇರಳಾತೀತ ಕಿರಣದ ದೀಪದಡಿಯಲ್ಲಿ ಹಳೆಯ ಬಣ್ಣವೂ ಹೊಸ ಬಣ್ಣವೂ ಬೇರೆಬೇರೆಯಾಗಿ ಹೊಳೆಯುವುದುಂಟು. ಬಿಸಿಲಿನಲ್ಲಿ ಬಾಡಿದುದನ್ನು ಹೊಸ ಬಣ್ಣವೆಂದು ಮೋಸಹೋಗುವವರೂ ಇರುವುದರಿಂದ, ಹೊರಮೈಯನ್ನು ಮಾತ್ರವಲ್ಲದೆ ಬಿಸಿಲು ತಾಗದ ಒಳಮೈಯನ್ನೂ ನೋಡಬೇಕು. ಪ್ರಾಮಾಣಿಕರಾದ ಸಂಗ್ರಾಹಕರು ತಮ್ಮೊಳಗೆ ಒಂದು ವರ್ಗೀಕರಣವನ್ನೂ ಮಾಡಿಕೊಂಡರು: ಕಾರ್ಖಾನೆಯಿಂದಲೇ ಹಾಗೆ ಬಂದುದು ಒಂದನೆಯ ವರ್ಗ, ಕಾರ್ಖಾನೆಯ ಒಪ್ಪಿಗೆಯಿಂದ ಹೊರಗಿನವರು ಮಾರ್ಪಡಿಸಿದುದು ಎರಡನೆಯದು, ಒಪ್ಪಿಗೆಯಿಲ್ಲದೆ ಮಾರ್ಪಡಿಸಿದುದು ಮೂರನೆಯದು. ಮೂರನೆಯದೆಲ್ಲವೂ ಮೋಸವಲ್ಲ, ಆದರೆ ಮೂರನೆಯದನ್ನು ಒಂದನೆಯದೆಂದು ಮಾರಿದರೆ ಮೋಸ.

ಇದಕ್ಕೆಲ್ಲ ಆಧಾರವಾದ ಪಟ್ಟಿಗಳನ್ನು ಕಟ್ಟಿದವರು ಸಾಮಾನ್ಯವಾಗಿ ಯಾವ ವಿದ್ಯಾಪೀಠಕ್ಕೂ ಸೇರಿದವರಲ್ಲ. ಸೆಸಿಲ್ ಗಿಬ್ಸನ್ ಎಂಬಾತನು ೧೯೬೬ರಲ್ಲಿ ಬ್ರಿಟಿಷ್ ಡಿಂಕಿಗಳ ಚರಿತ್ರೆಯನ್ನು ಪುಸ್ತಕರೂಪವಾಗಿ ಹೊರತಂದನು. ಅನಂತರ ಮೈಕ್ ಮತ್ತು ಸೂ ರಿಚರ್ಡ್‌ಸನ್ ದಂಪತಿಗಳು ೧೯೮೧ರಲ್ಲಿ ಬಹು ವಿಸ್ತಾರವಾದ ಗ್ರಂಥವನ್ನು ರಚಿಸಿದರು. ಯಾವ ತಿಂಗಳಲ್ಲಿ ಯಾವ ಬಣ್ಣವೆಂಬುದನ್ನು ಬಂಡಿಗಳನ್ನೂ, ಪೆಟ್ಟಿಗೆಗಳನ್ನೂ, ಮೆಕ್ಯಾನೊ ಮಾಸಪತ್ರಿಕೆಯ ಹಳೆಯ ಜಾಹೀರಾತುಗಳನ್ನೂ ಒಂದಕ್ಕೊಂದು ತಾಳೆನೋಡಿ ನಿರ್ಣಯಿಸಬೇಕಾಗಿದ್ದಿತು. ಅಂತಹ ನಿರ್ಣಯಕ್ಕೆ ಸಮಯವು ಮೀರುತ್ತಲೂ ಇದ್ದಿತು. ಬಿನ್ಸ್ ರಸ್ತೆಯ ಕಾರ್ಖಾನೆಯನ್ನು ೧೯೭೯ರ ನವೆಂಬರ್ ೩೦ರಂದು ಕೆಲಸಗಾರರಿಗೆ ಮುನ್ಸೂಚನೆಯೇ ಇಲ್ಲವೆಂಬಂತೆ ಮುಚ್ಚಿಬಿಟ್ಟರು. ಕೆಲಸಗಾರರು ಒಪ್ಪದೆ ತಿಂಗಳುಗಟ್ಟಲೆ ಕಟ್ಟಡದೊಳಗೆ ಕುಳಿತರು, ಪ್ರಯೋಜನವಾಗಲಿಲ್ಲ. ೧೯೮೨ರ ಜೂನ್ ತಿಂಗಳಲ್ಲಿ ಲೆಸ್ನಿಯು ದಿವಾಳಿಯಾಯಿತು. ೧೯೮೩ರಲ್ಲಿ ಮೆಟ್ಟಾಯ್ ಅದೇ ದಾರಿಯನ್ನು ಹಿಡಿಯಿತು. ನಾಲ್ಕು ವರ್ಷಗಳೊಳಗೆ ಮೂರು ಮನೆಗಳ ದೀಪವೂ ಆರಿತು. ಮೂರು ತಲೆಮಾರುಗಳ ಕೈಕೆಲಸದ ದಿನಚರಿಯನ್ನು ಇನ್ನು ಬಂಡಿಗಳ ಮೈಮೇಲೆಯೇ ಓದಬೇಕಾಯಿತು.

ಲೆಸ್ನಿಯ ಓಡೆಲ್ಲನು ಸುಮ್ಮನಿರಲಿಲ್ಲ. ತನ್ನ ಹೆಸರನ್ನೇ ಹಿಂದುಮುಂದಾಗಿ ಬರೆದು ‘ಲೆಡೊ’ ಎಂಬ ಕಂಪನಿಯನ್ನು ೧೯೮೨ರಲ್ಲಿ ಸ್ಥಾಪಿಸಿದನು. ಹಳೆಯ ಕಾಲದ ಒಂದು ಮುಚ್ಚುಬಂಡಿಗೆ ನೂರಾರು ಜಾಹೀರಾತುಗಳನ್ನು ಹಾಕಿ ಹೊರತಂದನು. ಸಂಗ್ರಾಹಕರು ಭೇದಗಳನ್ನು ಅರಸುವರೆಂದು ತಿಳಿದ ಮೇಲೆ ಅವರಿಗಾಗಿಯೇ ಭೇದಗಳನ್ನು ಹುಟ್ಟಿಸುವ ವ್ಯಾಪಾರವು ಇಲ್ಲಿಂದ ಬಲಿಯಿತು. ‘ಇಷ್ಟೇ ಸಂಖ್ಯೆ’ ಎಂದು ಪ್ರಮಾಣಪತ್ರವನ್ನಿಟ್ಟು ಮಾರುವುದೂ ವಾಡಿಕೆಯಾಯಿತು. ಇವು ಚೆಲುವಾದ ಬಂಡಿಗಳೇ. ಆದರೆ ಬೇಕೆಂದು ಮಾಡಿದ ಪಾಠಾಂತರಕ್ಕೆ ಹೇಳುವುದಕ್ಕೆ ಏನೂ ಇಲ್ಲ; ರಾಜನ ಕಾಲುಗಳು ಹೇಳುವಷ್ಟನ್ನು ಸಾವಿರ ಪ್ರಮಾಣಪತ್ರಗಳು ಹೇಳಲಾರವು. ಎಲ್ಲರೂ ಪೆಟ್ಟಿಗೆಯಿಂದ ತೆಗೆಯದೆ ಇಟ್ಟುಕೊಂಡುದರಿಂದ ಅವು ದುರ್ಲಭವೂ ಆಗಲಿಲ್ಲ.

ಭಾರತಕ್ಕೂ ಈ ಚರಿತ್ರೆಯಲ್ಲಿ ಒಂದು ಪುಟವಿದೆ. ಬಿನ್ಸ್ ರಸ್ತೆಯಲ್ಲಿ ದುಡಿದು ನಿವೃತ್ತವಾದ ಅಚ್ಚುಗಳಲ್ಲಿ ಕೆಲವು ೧೯೬೦ರ ದಶಕದ ಕೊನೆಯ ಸುಮಾರಿಗೆ ಕಲ್ಕತ್ತೆಗೆ ಬಂದುವು. ಅಲ್ಲಿ ಅವುಗಳಿಂದ ‘ನಿಕಿ ಟಾಯ್ಸ್’ ಎಂಬ ಹೆಸರಿನಲ್ಲಿ ಜಾಗ್ವಾರ್, ಬೆಂಟ್ಲಿ, ಮರ್ಸಿಡಿಸ್, ವೋಕ್ಸ್‌ವಾಗನ್ ಕಾರುಗಳು ತಯಾರಾದುವು. ಹೊರದೇಶದ ಆಟಿಕೆಗಳನ್ನು ತರಿಸುವುದು ಕಷ್ಟವಾಗಿದ್ದ ಆ ಕಾಲದಲ್ಲಿ ಈ ದೇಶದ ಮಕ್ಕಳಿಗೆ ಸಿಕ್ಕಿದ ಡಿಂಕಿಯೆಂದರೆ ಇದೇ. ಬಣ್ಣವು ಇಂಗ್ಲೆಂಡಿನದಕ್ಕಿಂತ ದಪ್ಪ, ಎರಕವು ಒರಟು. ಸವೆದ ಅಚ್ಚಿನ ಆಯಾಸವು ಮೈಮೇಲೆ ಕಾಣುವುದು. ತಳದಲ್ಲಿ ಡಿಂಕಿ ಎಂಬ ಹೆಸರನ್ನು ಅಳಿಸಿ ನಿಕಿ ಎಂದು ಮಾಡಿದ್ದಾರೆ. ಮ್ಯಾಟೆಲ್ ಕಂಪನಿಯ ಬಂಡಿಗಳೂ ೧೯೮೦ರ ದಶಕದಲ್ಲಿ ಲಿಯೊ ಎಂಬ ಹೆಸರಿನೊಡನೆ ಇಲ್ಲಿ ತಯಾರಾಗಿ, ಅಮೆರಿಕಾದಲ್ಲಿ ಎಂದೂ ಕಾಣದ ಬಣ್ಣಗಳನ್ನು ತೊಟ್ಟುವು. ಇಲ್ಲಿಯ ಮಕ್ಕಳು ಅವನ್ನು ಆಡಿ ಮುಗಿಸಿದರು. ಪೆಟ್ಟಿಗೆಗಳನ್ನು ಯಾರೂ ಇಟ್ಟುಕೊಳ್ಳಲಿಲ್ಲ. ಈಗ ಲಂಡನ್ನಿನವನೂ ಅಮೆರಿಕದವನೂ ಕಲ್ಕತ್ತೆಯ ಜಾಗ್ವಾರನ್ನು ಅರಸಿಕೊಂಡು ಬರುವರು. ಸಿಕ್ಕಿದೊಡನೆ ಮಗುಚಿ, ಅಳಿಸಿದ ಹೆಸರಿನ ಗುರುತು ಉಳಿದಿದೆಯೋ ಇಲ್ಲವೋ ಎಂದು ಭೂತಗನ್ನಡಿಯನ್ನು ಹಿಡಿದು ನೋಡುವರು.